ಕಿಸೆಯಲ್ಲೇ ಇದ್ದ ಪಾಸ್‌ಪೋರ್ಟ್

ತೊಂಬತ್ತರ ದಶಕದಲ್ಲಿ ನಾನು ಕತಾರಿನ ಗ್ಯಾಸ್ ಪ್ಲಾಂಟೊಂದರಲ್ಲಿ ಕೆಲಸಕ್ಕಿದ್ದೆ. ನಮಗೆ ಬರಬೇಕಿದ್ದ ಕಂಪ್ರೆಸರಿನ ಟೆಸ್ಟಿಂಗ್ ನೋಡಿ ಬಾ ಅಂತ ಕಂಪನಿಯವರು ಒಸಾಕಾಕ್ಕೆ ಕಳಿಸಿದರು. ಭಾನುವಾರ ಅಲ್ಲಿ ಫ್ಯಾಕ್ಟರಿಗೆ ರಜೆ. ಜಪಾನು ಹೊಸದು, ಭಾಷೆ ಬಾರದು, ಜೊತೆಗೆ ಯಾರೂ ಇಲ್ಲ. ಆದರೂ ಊರು ಸುತ್ತಲು ಹೊರಟೆ. ಸಂಜೆಯಾಗುವಷ್ಟರಲ್ಲಿ ಎಲ್ಲ ಗಲ್ಲಿಗಳೂ ಒಂದೇ ಥರ ಕಾಣತೊಡಗಿದವು. ಮೂಲೆಯಲ್ಲಿದ್ದ ಪೊಲೀಸ್ ಚೌಕಿಗೆ ಹೋಗಿ, ನನ್ನ ಹೋಟೆಲಿನ ಹೆಸರಿದ್ದ ಬೆಂಕಿಪೊಟ್ಟಣ ತೋರಿಸಿ ದಾರಿ ಕೇಳಿದೆ.

“ಪಾಸ್‌ಪೋರ್ಟ್ ಪ್ಲೀಸ್,” ಅಂದ ಪೊಲೀಸಿನವ.

“ಕಂಪನಿ ಹತ್ತಿರ ಇದೆ,” ಅಂದುಬಿಟ್ಟೆ. ದೋಹಾದಲ್ಲಿ ಯಾರು ಕೇಳಿದರೂ ನಮ್ಮ ಉತ್ತರ ಅದೇ. ಕೆಲಸಕ್ಕೆ ಸೇರಿದ ದಿನವೇ ಅದನ್ನು ಕಂಪನಿ ತೆಗೆದಿಟ್ಟುಕೊಂಡಿತ್ತು.

ಅವನು ಹರಕು ಇಂಗ್ಲಿಷಿನಲ್ಲಿ ಕೇಳಿದ: “ನಿಮ್ಮದು ಕಂಪನಿ ಹತ್ತಿರ ಯಾಕೆ? ನೀವು ಏನು ತಪ್ಪು ಮಾಡಿದ್ದೀರಿ?”

ಇಷ್ಟು ವರ್ಷ ಆ ಪ್ರಶ್ನೆಯನ್ನು ನಾನೇ ಕೇಳಿಕೊಂಡಿರಲಿಲ್ಲ. ತಡಬಡಾಯಿಸುತ್ತ ಎದೆ ಮುಟ್ಟಿಕೊಂಡರೆ ಪಾಸ್‌ಪೋರ್ಟ್ ಕಿಸೆಯಲ್ಲೇ ಇದೆ! ಪ್ರಯಾಣಕ್ಕೆಂದು ಕಂಪನಿಯವರೇ ಕೊಟ್ಟಿದ್ದು ಮರೆತೇ ಹೋಗಿತ್ತು. ಅವನು ಅದನ್ನು ನೋಡಿ, ಎರಡೂ ಕೈಯಲ್ಲಿ ಹಿಡಿದು, ತಲೆಬಾಗಿ ಹಿಂದಕ್ಕೆ ಕೊಟ್ಟ. ದಾರಿಯ ನಕಾಶೆಯನ್ನೂ ಬರೆದುಕೊಟ್ಟ.

ದೋಹಾ ಏರ್‌ಪೋರ್ಟಿನ ಹೊರಗೆ ನಮ್ಮ ಆಫೀಸಿನ ಮಲಯಾಳಿ ಆಗಲೇ ಕೈ ಚಾಚಿ ನಿಂತಿದ್ದ. “ಯಲ್ಲಾ ಭಾಯ್, ಬೇಗ ಬೇಗ, ಪಾಸ್‌ಪೋರ್ಟ್.”

ಕೊಟ್ಟೆ. ಅದನ್ನು ತನ್ನ ಬ್ಯಾಗಿಗೆ ಹಾಕಿ ಜಿಪ್ ಎಳೆಯುತ್ತ ಕೇಳಿದ: “ಜಪಾನಿನ ಜನ ಹೇಗೆ?”

“ಒಳ್ಳೆಯವರೇ, ಆದರೆ ಶುದ್ಧ ದಡ್ಡರು,” ಅಂದೆ. “ನನ್ನ ಪಾಸ್‌ಪೋರ್ಟನ್ನು ನನಗೇ ವಾಪಸ್ ಕೊಟ್ಟುಬಿಡುತ್ತಾರೆ.”