ಹೇಳಬಾರದ ಹೆಸರು

೨೦೨೨ರಲ್ಲಿ ನಾನು ಅಟ್ಲಾಂಟಾದ ಒಂದು ರಿಹ್ಯಾಬ್ ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಮೈಸೂರಿನಲ್ಲಿ ಕಲಿತ ವಿದ್ಯೆ. ಪಾರ್ಶ್ವವಾಯು ಬಡಿದು ಮಾತು ಕಳೆದುಕೊಳ್ಳುವುದನ್ನು ಅಫೇಸಿಯಾ ಎನ್ನುತ್ತಾರೆ. ಅಂಥವರಿಗೆ ಮತ್ತೆ ಮಾತು ಕಲಿಸುವುದು ನನ್ನ ಕೆಲಸ.

ಆ ವರ್ಷ ಬಂದವರು ಒಬ್ಬ ಹಸಿದಿಕ್ ರಬ್ಬಿ, ಯಹೂದಿ ಸಂಪ್ರದಾಯಸ್ಥರ ಗುರು. ಎರಡನೇ ಮಹಾಯುದ್ಧದಲ್ಲಿ ಮನೆಮಂದಿಯನ್ನೆಲ್ಲ ಕಳೆದುಕೊಂಡು ಅಮೆರಿಕಕ್ಕೆ ಬಂದ ತಂದೆಯಿಂದ ಕಬ್ಬಾಲಾ ಕಲಿತವರು. ದೇವರು ಅಕ್ಷರಗಳಿಂದಲೇ ಲೋಕ ಕಟ್ಟಿದ ಎನ್ನುವ ಗೂಢವಿದ್ಯೆ ಅದು. ನಲವತ್ತು ವರ್ಷ ಅದನ್ನೇ ಪಾಠ ಹೇಳಿದ ಬಾಯಿಗೆ ಈಗ ‘ನೀರು’ ಎನ್ನಲೂ ಬರುತ್ತಿರಲಿಲ್ಲ. ಮತ್ತೆ ಪಾಠ ಹೇಳಬೇಕೆಂಬುದೊಂದೇ ಅವರ ಆಸೆ. ಎರಡು ತಿಂಗಳಲ್ಲಿ ಹೀಬ್ರೂ ಓದು ನಿಧಾನವಾಗಿ ಮರಳತೊಡಗಿತು. ಥೆರಪಿ ಮುಂದುವರಿಯಬೇಕಾದರೆ ಪ್ರಗತಿಯ ಪುರಾವೆ ಕೊಡಿ ಎಂದರು ಇನ್ಶೂರೆನ್ಸಿನವರು.

ನಮ್ಮ ಮ್ಯಾನೇಜರ್ ರಶ್ಮಿ, ಅಟ್ಲಾಂಟಾ ಪಕ್ಕದ ಸುವಾನಿಯಲ್ಲಿದ್ದ ಬೆಂಗಳೂರಿನ ಹುಡುಗಿ. ನಾನು ರಜೆಯಲ್ಲಿದ್ದ ದಿನ ಹೀಬ್ರೂ ಪ್ರಾರ್ಥನೆಯೊಂದನ್ನು ಪ್ರಿಂಟ್ ಮಾಡಿ ರಬ್ಬಿಗೆ ಕೊಟ್ಟು, ಓದು ಅಳೆಯುವ ಆ್ಯಪ್ ಆನ್ ಮಾಡಿದಳು. ದೇವರ ಹೆಸರು ಬಂದಲ್ಲೆಲ್ಲ ರಬ್ಬಿ ‘ಹಶೆಮ್’ ಎಂದರು. ಆ್ಯಪ್ ಅಲ್ಲೆಲ್ಲ ಕೆಂಪು ಗೆರೆ ಎಳೆಯಿತು. ವರದಿ ಹೋಯಿತು, ಥೆರಪಿ ರದ್ದಾಯಿತು.

“ಒಂದೇ ವರ್ಡ್ ಪದೇ ಪದೇ ರಾಂಗ್ ಓದಿದ್ರು ಆಂಟಿ. ಸ್ಕೋರೇ ಬರ್ಲಿಲ್ಲ, ನಾನೇನ್ ಮಾಡ್ಲಿ?” ಎಂದಳು ರಶ್ಮಿ.

ನನಗೆ ಮೈಯೆಲ್ಲ ಉರಿದುಹೋಯಿತು. “ನಿಮ್ಮಜ್ಜಿ ನಿಮ್ ತಾತನ್ನ ಏನಂತಿದ್ರು?”

“ನಮ್ಮನೆಯವ್ರು ಅಂತಿದ್ರು. ಹೆಸ್ರು ಹೇಳ್ತಿರ್ಲಿಲ್ಲ. ಯಾಕೆ?”

“ಅವ್ರಿಗೂ ಅಫೇಸಿಯಾನಾ?”

ಹಶೆಮ್ ಎಂದರೆ ‘ಆ ಹೆಸರು’. ಪ್ರಾರ್ಥನೆಯ ಹೊತ್ತಲ್ಲದೆ ಆ ಜನ ದೇವರ ಹೆಸರನ್ನು ಬಾಯಲ್ಲಿ ಆಡುವುದಿಲ್ಲ. ಹಾಳೆಯಲ್ಲಿದ್ದದ್ದು ಪ್ರಾರ್ಥನೆಯೇ ಆದರೂ ನಡೆದದ್ದು ಪರೀಕ್ಷೆ. ‘ನೀರು’ ಎನ್ನಲಾರದ ಮನುಷ್ಯ ಒಂದು ಕಡೆಯೂ ತಪ್ಪದೆ ನಾಲಗೆ ಹಿಡಿದಿದ್ದರು. ಅದಕ್ಕಿಂತ ಪ್ರಗತಿ ಬೇಕಿತ್ತೇ? ರಶ್ಮಿಯ ಮುಖ ಸಪ್ಪಗಾಯಿತು.

ಥೆರಪಿ ರದ್ದಾಗಿ ಫೈಲು ಮುಚ್ಚಿದಾಗ ಆ ಪ್ರಾರ್ಥನೆಯ ಹಾಳೆಯೂ ಕಸದಬುಟ್ಟಿ ಸೇರಿತ್ತು. ಮಗಳ ಜೊತೆ ಮನೆಗೆ ಹೊರಟ ರಬ್ಬಿ ವೀಲ್‌ಚೇರ್ ನಿಲ್ಲಿಸಿ, ಎಡಗೈಯಿಂದ ಅದನ್ನು ಹೆಕ್ಕಿ, ಮುತ್ತಿಟ್ಟು ಕೋಟಿನೊಳಗೆ ಇಟ್ಟುಕೊಂಡರು. ಆ ಹೆಸರಿರುವ ಕಾಗದವನ್ನು ಎಸೆಯಬಾರದು, ಮಣ್ಣಿನಲ್ಲಿ ಹೂಳಬೇಕು ಎಂದು ಮಗಳು ತಿಳಿಸಿದಳು.

ಅಪೀಲು ಹಾಕಿದೆವು. ಸುಳ್ಳು ಹೇಳಬಾರದು, ರಶ್ಮಿಯೇ ಮುಂದೆ ನಿಂತು ಓಡಾಡಿದಳು. ಇನ್ಶೂರೆನ್ಸಿನವರು ಒಪ್ಪಿದ್ದು ಎರಡನೇ ಸ್ಟ್ರೋಕ್ ರಬ್ಬಿಯನ್ನು ಕೊಂಡೊಯ್ದ ಮೇಲೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು. ಆ ಹಾಳೆಯನ್ನು ಅವರ ಜೊತೆಗೇ ಹೂಳಿದರಂತೆ.

ರೋಗಿ ಹೇಳದೆ ಬಿಟ್ಟದ್ದೆಲ್ಲ ಮರೆತದ್ದಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಆ್ಯಪಿನ ವರದಿಯಲ್ಲಿ ಮಾತ್ರ ಅವರು ಇವತ್ತಿಗೂ ಫೇಲು.