ಎಂಟಡಿ ಅಂದವರು ಯಾರು?

ನ್ಯಾಯಾಲಯದ ಹಿಂದಿನ ಬೀದಿಯಲ್ಲಿ, ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಬ್ಬ ವಕೀಲರ ಕಚೇರಿ. ಅಲ್ಲಿ ಇಪ್ಪತ್ತೆಂಟು ವರ್ಷದಿಂದ ಗುಮಾಸ್ತೆಯಾಗಿದ್ದ ಹೆಂಗಸನ್ನು ಎಲ್ಲರೂ ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ಆಕೆಗೆ ಅದು ಗೊತ್ತಿತ್ತು. ಬೆನ್ನ ಹಿಂದೆ ಏನು ನಡೆಯುತ್ತಿದೆ ಎಂದು ತಿಳಿದುಕೊಳ್ಳುವುದೇ ಆಕೆಯ ಅರ್ಧ ಉದ್ಯೋಗ.

ವಕೀಲರು ಯಾವುದಾದರೂ ಹಳೆಯ ತೀರ್ಪನ್ನು ಉಲ್ಲೇಖಿಸಿದರೆ, ಕಪಾಟಿನಿಂದ ದಪ್ಪ ಸಂಪುಟ ಇಳಿಸಿ ಪುಟಸಂಖ್ಯೆಯನ್ನು ಆಕೆ ತಾನೇ ನೋಡಬೇಕು. ಕಂಪ್ಯೂಟರು ಹುಡುಕಿಕೊಟ್ಟದ್ದು ಅಂದರಂತೂ ಎರಡೆರಡು ಸಲ. ಜೆರಾಕ್ಸಿಗೆ ಹೋದ ಕಾಗದ ವಾಪಸು ಬಂದರೆ ಪುಟ ಎಣಿಸಬೇಕು. ಮನೆಯಲ್ಲೂ ಅದೇ ಕಥೆ. ಬೀಗ ಹಾಕಿ ಜಗ್ಗಿ, ನಾಲ್ಕು ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಜಗ್ಗುವುದು. ಬಸ್ ಓಡಿಸಿ ನಿವೃತ್ತನಾಗಿದ್ದ ಗಂಡ ನಗುತ್ತಿದ್ದ.

“ನಿನ್ನ ನೆರಳು ಜೊತೆಗೆ ಬಂದ್ರೆ ಅದಕ್ಕೂ ಗುರುತಿನ ಚೀಟಿ ಕೇಳ್ತೀಯಲ್ಲೇ!”

“ಕೇಳಿದ್ರೆ ತಪ್ಪೇನು? ಕತ್ತಲಾದ ತಕ್ಷಣ ಕೈಕೊಟ್ಟು ಹೋಗೋದಲ್ವಾ ಅದು?”

ಕಚೇರಿಯಲ್ಲಿ ಆಕೆಯ ಎದುರು ಮೇಜಿನಲ್ಲಿ ಟೈಪಿಸ್ಟ್ ಕೂರುತ್ತಿದ್ದಳು. ನಲವತ್ತರ ಹೆಂಗಸು, ಹನ್ನೊಂದು ವರ್ಷದ ಒಡನಾಟ. ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡವರು. ಭೂತಗನ್ನಡಿ ಪುಟ ಎಣಿಸದೆ ತೆಗೆದುಕೊಳ್ಳುತ್ತಿದ್ದದ್ದು ಟೈಪಿಸ್ಟಳ ಕೈಯಿಂದ ಮಾತ್ರ.

ಆ ವರ್ಷ ವಕೀಲರ ಸಂಘದಲ್ಲಿ ಒಂದು ಉಪನ್ಯಾಸ ನಡೆಯಿತು. ವಕೀಲರು ಸಮಯ ಉಳಿಸುವುದು ಹೇಗೆ, ಫೋನಿನಲ್ಲೇ ಕಚೇರಿ ನಡೆಸುವುದು ಹೇಗೆ, ಇಂಥವೇ ಮೂವತ್ತು ಉಪಾಯಗಳು. ಅರವತ್ತು ದಾಟಿದ ವಕೀಲರು ಅಲ್ಲಿಂದ ಹೊಸ ಮದುಮಗನ ಹಾಗೆ ಮರಳಿದರು.

“ಇನ್ಮೇಲೆ ಕರಡನ್ನ ಹತ್ತು ಸಲ ಪ್ರಿಂಟ್ ಹಾಕೋದು ಬೇಡಮ್ಮ,” ಎಂದರು ಗುಮಾಸ್ತೆಗೆ. “ಮೂರೂ ಜನ ಒಂದೇ ಫೈಲಲ್ಲಿ ತಿದ್ದೋಣ. ಯಾರು ಏನು ತಿದ್ದಿದ್ರು ಅಂತ ಅದೇ ನೆನಪಿಟ್ಕೊಳ್ಳುತ್ತೆ. ಕೊನೇದನ್ನ ನಾನು ಕೋರ್ಟಿಂದಲೇ ಫೋನಲ್ಲಿ ಕಳಿಸಿಬಿಡ್ತೀನಿ.”

“ನೆನಪಿಟ್ಕೊಳ್ಳೋದು ಸರಿ ಸಾರ್, ಬಾಯಿ ಬಿಡದೆ ಇರುತ್ತಾ?” ಎಂದು ಕೇಳಿದಳು ಭೂತಗನ್ನಡಿ. ಎಲ್ಲರೂ ನಕ್ಕರು. ಆಕೆಯೂ ನಕ್ಕು ಸುಮ್ಮನಾದಳು. ಕೇಳಬೇಕೆಂದು ಕೇಳಿದ್ದಲ್ಲ, ಅದು ಆಕೆಯ ಅಭ್ಯಾಸ.

ಆಗ ಕೈಯಲ್ಲಿದ್ದದ್ದು ಹಿಟ್ಟಿನ ಗಿರಣಿಯ ಒಡತಿಯ ಮೊಕದ್ದಮೆ. ಗಿರಣಿ ಇರುವುದು ಹಿಂದೆ, ರಸ್ತೆಯ ಕಡೆಗೆ ಅವಳ ಮೈದುನನ ಮನೆ. ನಡುವಿನ ದಾರಿಗಾಗಿ ಜಗಳ. ಕೊನೆಗೆ ರಾಜಿಯಾಗೋಣವೆಂದು ಎರಡೂ ಕಡೆಯವರು ಒಪ್ಪಿದರು. “ಎಂಟಡಿ ದಾರಿ ಸಿಕ್ಕಿದ್ರೂ ನನ್ನ ಟೆಂಪೋ ನುಗ್ಗುತ್ತೆ ಸಾರ್,” ಎಂದು ಒಡತಿ ಕಚೇರಿಯಲ್ಲಿ ಬಾಗಿಲು ಮುಚ್ಚಿ ಹೇಳಿದ್ದಳು. ವಕೀಲರು ಕರಡಿನಲ್ಲಿ ಮೊದಲು ಎಂಟು ಎಂದು ಬರೆದರು. ಆಮೇಲೆ, ಕೇಳುವಾಗ ಜಾಸ್ತಿಯೇ ಕೇಳೋಣವೆಂದು ಅಳಿಸಿ ಹನ್ನೆರಡು ಮಾಡಿದರು. ಕರಡು ಎದುರು ಪಕ್ಷದ ವಕೀಲರಿಗೆ ಹೋಯಿತು.

ಮೂರನೆಯ ದಿನ ಉತ್ತರ ಬಂತು: ಎಂಟಡಿಗೆ ನಮ್ಮ ಒಪ್ಪಿಗೆಯಿದೆ.

ಒಂಬತ್ತಲ್ಲ, ಏಳಲ್ಲ, ಎಂಟೇ. ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಈ ಮಾತು ಈ ನಾಲ್ಕು ಗೋಡೆ ದಾಟಿದ್ದು ಹೇಗಮ್ಮ? ಎಂಟಡಿ ಅಂದವರು ಯಾರು?”

ಭೂತಗನ್ನಡಿಗೆ ಹಿಂದಿನ ವಾರ ಕಂಡದ್ದು ನೆನಪಾಯಿತು. ಕೋರ್ಟಿನ ಮೆಟ್ಟಿಲ ಕೆಳಗೆ ಟೈಪಿಸ್ಟ್ ಎದುರು ಪಕ್ಷದ ಗುಮಾಸ್ತನ ಜೊತೆ ತಲೆ ತಗ್ಗಿಸಿ ಮಾತಾಡುತ್ತಿದ್ದಳು. ಒಂದಲ್ಲ, ಎರಡು ಸಲ. ತನ್ನನ್ನು ಕಂಡೊಡನೆ ಇಬ್ಬರೂ ಮಾತು ನಿಲ್ಲಿಸಿದ್ದರು. ಹೇಳಬೇಕೋ ಬೇಡವೋ ಎಂದು ಆಕೆ ಯೋಚಿಸಿದ್ದು ಒಂದು ಗಳಿಗೆ ಮಾತ್ರ. ಆಮೇಲೆ ಹೇಳಿಬಿಟ್ಟಳು.

ವಕೀಲರು ಕೂಗಾಡುವವರಲ್ಲ. ಸಂಜೆ ಟೈಪಿಸ್ಟಳನ್ನು ಕರೆದು, “ಸದ್ಯ ಕೆಲಸ ಕಡಿಮೆ ಇದೆ, ಸ್ವಲ್ಪ ದಿನ ಬರಬೇಡ,” ಎಂದರು ಅಷ್ಟೇ. ಏಕೆಂದು ಅವರು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಊಟದ ಡಬ್ಬಿ, ಕುರ್ಚಿಯ ಮೇಲಿನ ಮೆತ್ತೆ ತೆಗೆದುಕೊಂಡು ಹೊರಟಳು. ಬಾಗಿಲಲ್ಲಿ ತಿರುಗಿ, “ಅಕ್ಕಾ, ಬರ್ಲಾ?” ಎಂದಳು. ಭೂತಗನ್ನಡಿ ಕಡತದಿಂದ ತಲೆ ಎತ್ತಲಿಲ್ಲ.

ಎರಡು ವಾರ ಕಳೆಯಿತು. ಈ ಸಲ ದಾರಿಯ ಗೇಟು ಎಷ್ಟು ಹೊತ್ತು ತೆರೆದಿರಬೇಕು ಎಂಬ ಮಾತು. ಹಗಲೂ ರಾತ್ರಿ ಎಂದು ಕೇಳಿದ್ದರು. ಆರರಿಂದ ಎಂಟರವರೆಗೆ ಸಿಕ್ಕರೆ ಸಾಕು ಎಂದು ವಕೀಲರು ಕರಡಿನ ಅಂಚಿನಲ್ಲಿ ತಮಗಾಗಿ ಒಂದು ಟಿಪ್ಪಣಿ ಹಾಕಿಕೊಂಡಿದ್ದರು. ಉತ್ತರ ಬಂತು: ಬೆಳಿಗ್ಗೆ ಆರರಿಂದ ರಾತ್ರಿ ಎಂಟು.

ಈಗ ಕಚೇರಿಯಲ್ಲಿದ್ದವರು ಇಬ್ಬರೇ. ಮರುದಿನದಿಂದ ವಕೀಲರ ಮೇಜಿನ ಸೆಳೆಖಾನೆಗೆ ಬೀಗ ಬಿತ್ತು. ಫೋನ್ ಬಂದರೆ ಎದ್ದು ಮೆಟ್ಟಿಲ ಹತ್ತಿರ ಹೋಗಿ ಮಾತಾಡತೊಡಗಿದರು. ಆಕೆ ಒಳಗೆ ಬಂದರೆ ಕಾಗದ ಮಗುಚಿಡುತ್ತಿದ್ದರು. ಇಪ್ಪತ್ತೆಂಟು ವರ್ಷ ಇನ್ನೊಬ್ಬರನ್ನು ಸಂಶಯದಿಂದ ನೋಡಿದ್ದ ಆಕೆ, ಆ ನೋಟ ತನ್ನ ಮೇಲೆ ಬಿದ್ದಾಗ ಹೇಗಿರುತ್ತದೆಂದು ಮೊದಲ ಸಲ ಅರಿತಳು. ಕುಂಬಳಕಾಯಿ ಕದಿಯದೆಯೂ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗಾಯಿತು. ನಿದ್ದೆಯಲ್ಲೇನಾದರೂ ಮಾತಾಡುತ್ತೇನಾ ಎಂದು ಗಂಡನನ್ನು ಕೇಳಿದಳು.

“ನಿದ್ದೆಯಲ್ಲೂ ಬೀಗ ಜಗ್ತೀಯ, ಮಾತಂತೂ ಇಲ್ಲ,” ಎಂದ ಅವನು. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. “ಯಾಕೇ, ಏನಾಯ್ತು?”

ಆಕೆ ಎದ್ದು ಹೋಗಿ ಬಾಗಿಲ ಬೀಗ ಇನ್ನೊಮ್ಮೆ ಜಗ್ಗಿ ಬಂದಳು. ಯಾರೋ ತನ್ನ ಹಿಂದೆ ನಿಂತು ಪರದೆ ಓದುತ್ತಿದ್ದಾರೆ ಎಂಬ ಗುಮಾನಿ ಹತ್ತಿತ್ತು. ಕಸ ಗುಡಿಸುವವಳೋ, ಕಂಪ್ಯೂಟರ್ ರಿಪೇರಿಗೆ ಬರುವವನೋ? ಪರೀಕ್ಷೆ ಮಾಡೋಣವೆಂದು ಮೂರನೆಯ ಕರಡಿನಲ್ಲಿ ತಾನೇ ಒಂದು ಸಾಲು ಸೇರಿಸಿದಳು: ನಡುಗೋಡೆಗೆ ಹಸಿರು ಬಣ್ಣ ಬಳಿಸತಕ್ಕದ್ದು. ಯಾರೂ ಕೇಳದ, ಯಾರಿಗೂ ಬೇಡದ ಸಾಲು. ಕಸ ಗುಡಿಸಿ ಮುಗಿಯುವ ತನಕ ಅದನ್ನು ಪರದೆಯ ಮೇಲೆ ಹಾಗೇ ಬಿಟ್ಟು, ಆಮೇಲೆ ಅಳಿಸಿಹಾಕಿದಳು. ವಕೀಲರು ಫೈಲನ್ನು ಎಂದಿನಂತೆ ಫೋನಿನಿಂದ ಕಳಿಸಿದರು, ಒಂದು ಪ್ರತಿ ಆಕೆಗೂ.

ಎರಡು ದಿನ ಬಿಟ್ಟು ಕೋರ್ಟಿನ ಮೊಗಸಾಲೆಯಲ್ಲಿ ಎದುರು ಪಕ್ಷದ ವಕೀಲರು ಎದುರಾದರು. ಮಾತಿಗಿಂತ ಮೊದಲೇ ನಗುವ ಮನುಷ್ಯ.

“ಏನಮ್ಮಾ, ನಿಮ್ಮ ಗಿರಣಿಯವರಿಗೆ ಹಸಿರು ಬಣ್ಣದ ಹುಚ್ಚು ಯಾವಾಗ ಹತ್ತಿತು?” ಎಂದು ಕೇಳಿದವರು, ಮರುಕ್ಷಣವೇ ನಾಲಿಗೆ ಕಚ್ಚಿಕೊಂಡು, ಕೈಗಡಿಯಾರ ನೋಡುತ್ತ ಸರಸರ ನಡೆದುಬಿಟ್ಟರು.

ಆಕೆ ಕಂಬಕ್ಕೆ ಒರಗಿದಳು. ಕಸ ಗುಡಿಸುವವಳಿಗೆ ಓದು ಬಾರದು. ಆ ವಾರ ರಿಪೇರಿಯವನು ಬಂದಿರಲಿಲ್ಲ. ಆ ಸಾಲನ್ನು ವಕೀಲರೇ ನೋಡಿರಲಿಲ್ಲ. ಹಾಗಾದರೆ ಹೇಳಿದವರು ಮನುಷ್ಯರಲ್ಲ. ಇದನ್ನು ಬಿಡಿಸಿ ಹೇಳಬಲ್ಲವಳು ಒಬ್ಬಳೇ. ಆಕೆ ಕಚೇರಿಗೆ ಹೋಗದೆ ನೇರ ಟೈಪಿಸ್ಟಳ ಮನೆಗೆ ನಡೆದಳು.

ಟೈಪಿಸ್ಟ್ ಬಾಗಿಲು ತೆಗೆದಳು, ಒಳಗೆ ಬಾ ಎನ್ನಲಿಲ್ಲ. ಭೂತಗನ್ನಡಿ ಹೊಸ್ತಿಲಾಚೆಯೇ ನಿಂತು ಎಂಟಡಿ, ಗೇಟು, ಹಸಿರು ಬಣ್ಣ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಟೈಪಿಸ್ಟಳ ಹುಬ್ಬು ಮೇಲೇರಿತು.

“ಸಾರ್ ಫೈಲನ್ನ ಹಾಗ್ಹಾಗೇ ಕಳಿಸ್ತಿದ್ರಾ? ಪಿಡಿಎಫ್ ಮಾಡದೆ?”

“ಅದೇನೋ ನಂಗೊತ್ತಿಲ್ಲ ಕಣೇ.”

“ಬನ್ನಿ ಒಳಗೆ.”

ಮೂಲೆಯ ಮೇಜಿನ ಮೇಲೆ ಒಂದು ಹಳೆಯ ಕಂಪ್ಯೂಟರಿತ್ತು. ಭೂತಗನ್ನಡಿ ತನ್ನ ಫೋನಿಗೆ ಬಂದಿದ್ದ ಆ ಕರಡಿನ ಪ್ರತಿಯನ್ನು ಅವಳಿಗೆ ಕಳಿಸಿದಳು. ಟೈಪಿಸ್ಟ್ ತೆರೆದಾಗ ಕಂಡದ್ದು ಸ್ವಚ್ಛವಾದ ಪುಟ. ಮೇಲೆ ಒಂದು ಕಡೆ ಒತ್ತಿದಳು. ಪುಟದ ತುಂಬ ಕೆಂಪು ಗೀರುಗಳೆದ್ದವು. ಹಸಿರು ಬಣ್ಣದ ಸಾಲು ನಡುವೆ ಗೆರೆ ಹೊಡೆಸಿಕೊಂಡು ಅಲ್ಲೇ ಕೂತಿತ್ತು, ಪಕ್ಕದಲ್ಲಿ ಅಳಿಸಿದವರ ಗುರುತು ಸಮೇತ. ಮೇಲೆ ಹೋದರೆ ಗೇಟಿನ ಟಿಪ್ಪಣಿ. ಇನ್ನೂ ಮೇಲೆ, ಹನ್ನೆರಡರ ಪಕ್ಕ, ಎಂಟು.

“ಅಳಿಸಿದ್ದು ಅಳಿಸಿಹೋಗಿಲ್ಲ ಅಕ್ಕ, ಬರೀ ಕಣ್ಣಿಗೆ ಮರೆ ಆಗಿದೆ. ಹೊರಗೆ ಕಳಿಸೋ ಮುಂಚೆ ಎಲ್ಲಾ ತಿದ್ದುಪಡೀನೂ ಖಾಯಂ ಮಾಡಿ, ಟಿಪ್ಪಣಿ ತೆಗೆದು, ಪಿಡಿಎಫ್ ಮಾಡಬೇಕು. ಆಮೇಲೆ ಕಳಿಸೋರೇ ಒಂದ್ಸಲ ತೆಗೆದು ನೋಡಬೇಕು. ಮುಂಚೆ ಕಳಿಸೋದು ನನ್ನ ಕೆಲಸ ಆಗಿತ್ತು, ಹಾಗೇ ಮಾಡ್ತಿದ್ದೆ. ಉಪನ್ಯಾಸ ಕೇಳಿ ಬಂದ್ಮೇಲೆ ಸಾರೇ ಕಳಿಸೋಕೆ ಶುರು ಮಾಡಿದ್ರು. ನಂಗೆ ಯಾಕೆ ಬರಬೇಡ ಅಂದ್ರು ಅಂತ ಒಂದು ಮಾತು ಹೇಳಿದ್ರೆ ಅವತ್ತೇ ತೋರಿಸ್ತಿದ್ದೆ.”

ಭೂತಗನ್ನಡಿ ಮೆಲ್ಲಗೆ ಕೇಳಿದಳು. “ಆ ಗುಮಾಸ್ತನ ಜೊತೆ ಮೆಟ್ಟಿಲ ಕೆಳಗೆ...”

“ಈ ಹಳೇ ಕಂಪ್ಯೂಟರ್ ಅವರದ್ದೇ. ಕಡಿಮೆಗೆ ಕೊಡಿ ಅಂತ ಚೌಕಾಸಿ ಮಾಡ್ತಿದ್ದೆ. ನೀವು ಬಂದ್ರೆ ಅದರಲ್ಲೂ ಏನಾದ್ರೂ ಹುಳುಕು ತೆಗೀತೀರಿ ಅಂತ ಸುಮ್ಮನಾದೆ.”

“ಸಾರ್‌ಗೆ ಹೇಳಿದ್ದು ನಾನೇ ಕಣೇ. ನಿನ್ನ ಮೇಲೆ.”

ಟೈಪಿಸ್ಟ್ ಪರದೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. “ಗೊತ್ತಾಯ್ತು. ಅವತ್ತು ನೀವು ತಲೆ ಎತ್ತಲಿಲ್ವಲ್ಲ, ಆಗಲೇ.”

ಮರುದಿನ ವಕೀಲರು ಆ ಕೆಂಪು ಗೀರುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಸೆಳೆಖಾನೆಯ ಬೀಗ ತೆಗೆದರು. ಗಿರಣಿಯ ಒಡತಿಯನ್ನು ಕರೆಸಿ, ಗುಟ್ಟು ಬಯಲಾದದ್ದು ತಮ್ಮ ಕೈಯಿಂದಲೇ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಅವಳು ಸಿಟ್ಟಾಗಲಿಲ್ಲ. ಆದರೆ ಅವಳು ಆಡಿದ ಮಾತು ಸಿಟ್ಟಿಗಿಂತ ಹೆಚ್ಚು ಚುಚ್ಚಿತು: “ಎಂಟಡಿ ಸಾಕಿತ್ತು ಸಾರ್, ನಿಜ. ಆದ್ರೆ ಸಾಕು ಅಂತ ನನ್ನ ಬಾಯಿಂದ ಬರಬೇಕಿತ್ತು.” ವಕೀಲರು ಎದುರು ಪಕ್ಷದವರ ಬಳಿ ಹೋಗಿ ನೇರವಾಗಿ ಮಾತಾಡಿದರು. ಕಂಡೂ ಕಾಣದಂತೆ ಓದಿದ್ದಕ್ಕೆ ಆ ಮನುಷ್ಯನಿಗೂ ನಾಚಿಕೆಯಿತ್ತೋ ಏನೋ, ರಾಜಿ ಒಂಬತ್ತಡಿಗೆ ಮುಗಿಯಿತು.

ಟೈಪಿಸ್ಟಳ ಮನೆಗೆ ವಕೀಲರೇ ಹೋಗಿ ಕರೆದರು. ಅವಳು ಅವರನ್ನು ಕೂರಿಸಿ ಉಪಚರಿಸಿದಳು, ಆದರೆ ಬರಲೊಪ್ಪಲಿಲ್ಲ. ಮನೆಯಲ್ಲೇ ನಾಲ್ಕಾರು ವಕೀಲರ ಕೆಲಸ ಹಿಡಿದಿದ್ದಳು. ಹೊರಗೆ ಹೋಗುವ ಪ್ರತಿ ಕಡತವನ್ನೂ ತಾನು ಶುಚಿ ಮಾಡಿಕೊಡುವುದಾಗಿ ಮಾತ್ರ ಹೇಳಿದಳು.

ಹೀಗೆ ವಾರಕ್ಕೆರಡು ದಿನ ಭೂತಗನ್ನಡಿ ಕಾಗದ ಹಿಡಿದು ಅಲ್ಲಿಗೆ ಹೋಗುತ್ತಾಳೆ. ಟೈಪಿಸ್ಟ್ ಆಕೆಯ ಎದುರೇ ಒಂದೊಂದು ಪುಟವನ್ನೂ ಎಣಿಸಿ, ಇಂತಿಷ್ಟು ತಲುಪಿದೆ, ಇಂತಿಷ್ಟು ಮರಳಿಸಿದೆ ಎಂದು ಪುಸ್ತಕದಲ್ಲಿ ಬರೆದು ಸಹಿ ಕೇಳುತ್ತಾಳೆ. ಮಾತಾಡುತ್ತಾರೆ, ಕೆಲವೊಮ್ಮೆ ನಗುತ್ತಾರೆ ಕೂಡ. ಆದರೆ ಸಹಿಯಾಗದೆ ಕಾಗದ ಕೈ ಬದಲಾಗುವುದಿಲ್ಲ. ಭೂತಗನ್ನಡಿ ಒಂದು ದಿನವೂ ಯಾಕೆ ಎಂದು ಕೇಳಿಲ್ಲ. ಪೆನ್ನು ತೆಗೆದು, ದಿನಾಂಕ ಸಮೇತ ಸಹಿ ಹಾಕುತ್ತಾಳೆ.