ಮರಳುಗಾಡಿಗೆ ಹೋದ ಭಂಡಾರ

ಕುಲಗೋಡದ ಕೆಂಪವ್ವನಿಗೆ ಊರವರು ಇಟ್ಟಿದ್ದ ಇನ್ನೊಂದು ಹೆಸರು ‘ಯಾಕವ್ವ’. ಟಗರು ಎಡಗಾಲನ್ನು ಮೊದಲು ಎತ್ತಿದರೆ ಯಾಕೆ, ಮೋಡ ಮೂಡಣಕ್ಕೆ ಹೊರಟರೆ ಯಾಕೆ, ಪ್ರವಚನದ ನಡುವೆ ಸ್ವಾಮಿಗಳು ಕಣ್ಣು ಮುಚ್ಚಿದರೆ ಯಾಕೆ. ಐವತ್ತೆಂಟು ವರ್ಷ ಕೇಳಿದರೂ ಆಕೆಯ ಪ್ರಶ್ನೆಗಳ ಗಂಟು ಕರಗಿರಲಿಲ್ಲ. ಭಗವಂತನು ಕೆಲವರಿಗೆ ಕಂಠವನ್ನು ಕೊಡುತ್ತಾನೆ, ಕೆಲವರಿಗೆ ಕೈಗುಣವನ್ನು. ಕೆಂಪವ್ವನಿಗೆ ಕೈಗುಣದ ಜೊತೆಗೆ ಈ ಕುತೂಹಲವನ್ನೂ ಧಾರಾಳವಾಗಿ ಸುರಿದಿದ್ದನು.

ಮಾಲಿಂಗನ ಕೈಹಿಡಿದು ಬಂದ ದಿನದಿಂದ ಆಕೆ ಕುರಿಗಳ ಬೆನ್ನು ಹತ್ತಿ ನಡೆದವಳು. ಸುಗ್ಗಿ ಮುಗಿದೊಡನೆ ಹುಕ್ಕೇರಿ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುವುದು, ಮುಂಗಾರಿನ ಹೊತ್ತಿಗೆ ಮತ್ತೆ ಕುಲಗೋಡಕ್ಕೆ ಮರಳುವುದು. ಆ ನಡಿಗೆಯಲ್ಲಿ ಆಕೆಯ ಕೈಗೆ ಇಳಿದ ಮರಿಗಳೆಷ್ಟೋ! ಒಂದೊಂದು ಮರಿಯೂ ನೆಲ ಮುಟ್ಟಿದೊಡನೆ ಕೆಂಪವ್ವ ಸೊಂಟದ ಸಂಚಿಯಿಂದ ಕುಲದೇವರು ಬೀರಪ್ಪನ ಭಂಡಾರ ತೆಗೆದು, ಹಣೆಯಿಂದ ಬಾಲದವರೆಗೆ ಆ ಅರಿಸಿನದ ಪುಡಿಯನ್ನು ಎಳೆಯುತ್ತಿದ್ದಳು. ಅತ್ತೆ ಕಲಿಸಿದ ಪದ್ಧತಿ ಅದು. ಇಡೀ ಲೋಕವನ್ನು ‘ಯಾಕ’ ಎಂದು ಕೇಳಿದ ಹೆಣ್ಣುಮಗಳು ಅದೊಂದನ್ನು ಮಾತ್ರ ಎಂದೂ ಕೇಳಿರಲಿಲ್ಲ.

ಹೋದ ವರ್ಷ ಕುರಿಗಾರರ ಸಂಘವೊಂದು ರಾಜಸ್ಥಾನದ ಮರಳುಗಾಡಿಗೆ ಪ್ರವಾಸ ಏರ್ಪಡಿಸಿತು. ಅಲ್ಲಿನ ಅಲೆಮಾರಿ ರಾಯ್ಕಾ ಕುರಿಗಾರರ ಹಿಂಡಿನೊಡನೆ ಆರು ದಿನ ನಡೆಯುವುದು, ಅವರ ಕಸುಬನ್ನು ಕಣ್ಣಾರೆ ಕಾಣುವುದು. ಮಾರ್ಗದರ್ಶಿಯಾಗಿ ಹೊರಟವನು ಹುಕ್ಕೇರಿಯ ಅಜಿತ. ಪಶುವೈದ್ಯ ಓದಿದವನು, ಆ ಸೀಮೆಯಲ್ಲಿ ಎರಡು ವರ್ಷ ಇದ್ದು ಅವರ ಮಾತು ಕಲಿತವನು. ಪಟ್ಟಿಯಲ್ಲಿದ್ದದ್ದು ಮಾಲಿಂಗನ ಹೆಸರು. ಆದರೆ ಅವನ ಮೊಣಕಾಲು ಹಿಡಿದುಕೊಂಡಿತ್ತು.

“ನೀನ ಹೋಗ,” ಎಂದನು ಮಾಲಿಂಗ. “ನಾ ಹೋದ್ರ ಬಂದು ‘ಚಲೋ ಇತ್ತು’ ಅಂದು ಸುಮ್ನಾಗತೇನಿ. ನೀ ಆದ್ರ ಮರಳಿನ ಕಾಳ ಕಾಳ ಮಾತಾಡಿಸ್ಕೊಂಡ ಬರ್ತಿ.”

ಘಟಪ್ರಭಾದಲ್ಲಿ ರೈಲು ಹತ್ತಿ, ಎರಡು ಹಗಲು ಕಳೆದು, ಆಮೇಲೆ ಜೀಪಿನಲ್ಲಿ ಕುಲುಕಿ, ಕೊನೆಗೆ ಜೀಪೂ ಹೋಗದ ಕಡೆ ಇಳಿದಾಗ ಕೆಂಪವ್ವ ಮೊದಲು ಕಂಡದ್ದು ಒಂದು ಮರ. ಹತ್ತಿರ ಹೋಗಿ ಎಲೆ ಮುಟ್ಟಿದಳು, ಚಪ್ಪಲಿ ಬಿಟ್ಟು ಕೈಮುಗಿದಳು. ಅದು ಬನ್ನಿ! ದಸರೆಯಲ್ಲಿ ಬಂಗಾರವೆಂದು ಹಂಚುವ ಬನ್ನಿ. ಅಷ್ಟರಲ್ಲಿ ಒಂಟೆಯೊಂದು ಕತ್ತು ಚಾಚಿ ಆಕೆಯ ತಲೆಯ ಮೇಲಿನ ಟೊಂಗೆಯನ್ನೇ ಮುರಿಯಿತು.

“ನೋಡಬೇ ಯಕ್ಕಾ,” ಎಂದು ನಕ್ಕನು ಜೊತೆಗೆ ಬಂದಿದ್ದ ಮೇಲವಂಕಿಯ ಶೆಟ್ಟೆಪ್ಪ. “ನಾವು ವರ್ಷಕ್ಕೊಮ್ಮಿ ಎರಡೆಲಿ ಹಂಚತೇವಿ. ಇಲ್ಲಿ ಒಂಟಿ ದಿನಾ ಗಿಡಗಟ್ಲೆ ಬಂಗಾರ ತಿಂತೈತಿ!”

“ತಿನ್ನಲಿ ಬಿಡೋ. ದೇವ್ರು ಅದಕ್ಕ ಹೊಟ್ಟಿ ಕೊಟ್ಟಾನ, ನಿನಗ ಬಾಯಿ ಕೊಟ್ಟಾನ.”

ಹಿಂಡಿನ ಯಜಮಾನಿ ಹಂಜಾಬಾಯಿ. ಭುಜದವರೆಗೆ ಬಿಳಿಯ ಬಳೆ, ನೆಟ್ಟಗಿನ ಬೆನ್ನು, ಎಪ್ಪತ್ತರ ವಯಸ್ಸು. ಕೆಂಪವ್ವನ ಪ್ರಶ್ನೆಗಳನ್ನು ಅಜಿತ ದಾಟಿಸಿ ದಾಟಿಸಿ ದಣಿದನು. ಚಳಿಗಾಲದಲ್ಲಿ ಕುರಿಗೆ ಎರಡು ದಿನಕ್ಕೊಮ್ಮೆ ನೀರು ಸಾಕೆ? ಸಾಕು. ಯಾಕೆ? ಮುಂಜಾನೆ ಇಬ್ಬನಿ ಬಿದ್ದ ಗಿಡ ಮೇಯುತ್ತವಲ್ಲ. ಹಾಗಾದರೆ ಇಬ್ಬನಿ ಬೀಳದ ದಿನ? ಹಂಜಾಬಾಯಿ ನಿಂತಳು, ಕೆಂಪವ್ವನನ್ನು ಮೇಲಿಂದ ಕೆಳಗೆ ನೋಡಿದಳು, ಏನೋ ಹೇಳಿದಳು.

“ಏನಂದ್ರೋ ತಮ್ಮಾ?”

“ಇಷ್ಟು ವರ್ಷ ಬಂದ ಮಂದಿ ಒಂಟಿ ಮ್ಯಾಲ ಕುಂತು ಫೋಟೋ ತಗಸ್ಕೊಂಡು ಹೋದ್ರಂತ, ಕಾಕು. ಕುರಿ ಬಗ್ಗೆ ಕೇಳಿದಾಕಿ ನೀವ ಮೊದಲ ಅಂತ.”

ಅಂದಿನ ಸಂಜೆಯೇ ಹಂಜಾಬಾಯಿ ಒಂದು ತುಂಬು ಗಬ್ಬದ ಕುರಿಯನ್ನು ಕೆಂಪವ್ವನ ಮುಂದೆ ತಂದು ನಿಲ್ಲಿಸಿದಳು. ಹಲ್ಲು ಸವೆದ ಮುದಿ ಕುರಿ. ಇದೇ ಅದರ ಕೊನೆಯ ಹೆರಿಗೆ. ಹಂಜಾಬಾಯಿಯ ಮನೆತನದಲ್ಲಿ ಅಜ್ಜಿಯ ಮೆಚ್ಚಿನ ಕುರಿಯ ಹೆಣ್ಣು ಮರಿಯೊಂದನ್ನು ಮದುವೆಯಾಗುವ ಮೊಮ್ಮಗಳಿಗೆ ಕೊಡುವುದು ರೂಢಿ. ಅವಳ ಸ್ವಂತ ಹಿಂಡಿಗೆ ಅದೇ ತಾಯಿಬೇರು. ಮೊಮ್ಮಗಳು ಗವರಿಯ ಮದುವೆ ಮುಂದಿನ ತಿಂಗಳು. ಹೆಣ್ಣು ಹುಟ್ಟಿದರೆ ಆ ಮರಿ ಅವಳದು. ಕುರಿಯನ್ನು ನೋಡಿಕೊಳ್ಳುವ ಭಾರ ಕೆಂಪವ್ವನದು. ಪರದೇಶದ ಅತಿಥಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನಾವುದಿದ್ದೀತು?

ನಾಲ್ಕನೆಯ ದಿನದ ಮಧ್ಯಾಹ್ನ ಹಂಜಾಬಾಯಿ, ಗವರಿ, ಅಜಿತ ಹಿಂಡನ್ನು ಹೊಡೆದುಕೊಂಡು ದೂರದ ಬಾವಿಗೆ ಹೋಗಿದ್ದರು. ಬನ್ನಿಯ ನೆರಳಿನಲ್ಲಿ ಮುದಿ ಕುರಿಗೆ ನೋವು ಬಂತು. ಕೆಂಪವ್ವ ಸೆರಗು ಸಿಕ್ಕಿಸಿ ಕುಳಿತಳು. ಅರ್ಧ ತಾಸಿನಲ್ಲಿ ಮರಿ ನೆಲಕ್ಕಿಳಿಯಿತು. ಮೂಗಿನ ಲೋಳೆ ತೆಗೆದು ನೋಡಿದಳು. ಹೆಣ್ಣು!

“ಬೀರಪ್ಪಾ, ನಿನ್ನ ಕಣ್ಣು ಇಲ್ಲೀತನಕಾ ಕಾಣ್ತೈತಿ,” ಎನ್ನುತ್ತ ಆಕೆ ಸಂಚಿಗೆ ಕೈಹಾಕಿದಳು. ಹಣೆಯಿಂದ ಬಾಲದವರೆಗೆ ಕೈತುಂಬ ಭಂಡಾರ ಎಳೆದಳು. ಮರಿ ಹಳದಿಯಾಗಿ ಹೊಳೆಯಿತು.

ತಾಯಿ ತಿರುಗಿ ಮೂಸಿತು. ಮುಖ ಹಿಂದೆಳೆದುಕೊಂಡಿತು. ಮತ್ತೊಮ್ಮೆ ಮೂಸಿ, ಮುಂಗಾಲು ನೆಲಕ್ಕೆ ಬಡಿದು, ಮರಿಯನ್ನು ತಲೆಯಿಂದ ಗುದ್ದಿ ಕೆಡವಿತು. ಕೆಂಪವ್ವ ಮರಿಯನ್ನು ಎತ್ತಿ ಮತ್ತೆ ಮುಂದಿಟ್ಟಳು. ಮತ್ತೆ ಗುದ್ದಿತು. ಮೂರನೆಯ ಸಲ ಕುರಿ ಬೆನ್ನು ತಿರುಗಿಸಿ ದೂರ ಹೋಗಿ ನಿಂತು, ಕಳೆದುಹೋದ ಯಾವುದೋ ಮರಿಯನ್ನು ಕರೆಯುವಂತೆ ಅರಚತೊಡಗಿತು.

ನಾಲ್ವತ್ತು ವರ್ಷದಲ್ಲಿ ಕೆಂಪವ್ವನ ಒಂದು ಕುರಿಯೂ ಹೀಗೆ ಮಾಡಿರಲಿಲ್ಲ. ಹಿಂಡಿನಲ್ಲಿ ಬೇರೆ ಯಾವ ಕುರಿಯೂ ಇನ್ನೂ ಈದಿರಲಿಲ್ಲ. ಗಿಣ್ಣದ ಹಾಲು ಸಿಗದಿದ್ದರೆ ಮರಿ ಬದುಕದು. ಹಿಡಿದು ಕುಡಿಸಿದರೂ ದಿನವೂ ನಡೆಯುವ ಹಿಂಡಿನಲ್ಲಿ ತಾಯಿ ಒಲ್ಲದ ಮರಿಯ ಆಯುಷ್ಯವೆಷ್ಟು?

“ಯಾಕ?” ಎಂದಳು ಗಟ್ಟಿಯಾಗಿ. ತನ್ನ ಹಳದಿ ಅಂಗೈಯನ್ನು ಮೂಸಿದಳು. ಆಗ ತಿಳಿಯಿತು. ಕುಲಗೋಡದಲ್ಲಿ ಕುರಿ ಕೂಡುವ ದಡ್ಡಿ, ಕಂಬಳಿ, ಕುರುಬನ ಕೈ ಎಲ್ಲವೂ ಭಂಡಾರದ ವಾಸನೆಯವೇ. ಅಲ್ಲಿನ ಕುರಿ ಹುಟ್ಟುವಾಗಲೇ ಅದನ್ನು ಉಸಿರಾಡಿ ಬಲ್ಲದು. ಈ ಮೂಕಪ್ರಾಣಿ ಜನ್ಮದಲ್ಲಿ ಅರಿಸಿನವನ್ನು ಕಂಡಿಲ್ಲ. ತನ್ನ ಮರಿಯ ಗುರುತನ್ನು ಅದು ಮೂಗಿನಿಂದ ಹುಡುಕುತ್ತಿದೆ. ಆ ಗುರುತಿನ ಮೇಲೆ ತಾನು ಪರದೆ ಎಳೆದಿದ್ದಾಳೆ!

ಶೆಟ್ಟೆಪ್ಪ ಓಡಿ ಬಂದು ಎಲ್ಲವನ್ನೂ ಕಂಡು ಪಿಸುಗುಟ್ಟಿದನು. “ಯಕ್ಕಾ, ಜಲ್ದಿ ಒರೆಸಿಬಿಡು. ಕುರಿಗಿ ವಯಸ್ಸಾಗೈತಿ, ಮರೀನ ಒಲ್ಲೆ ಅಂತು ಅಂದ್ರ ಆತು. ಯಾರಿಗಿ ಗೊತ್ತಾಗತೈತಿ?”

“ಭಂಡಾರ ಹಿಡಿದ ಕೈಯೋ ಇದು. ಇದನ್ನ ಇಟ್ಕೊಂಡು ಸುಳ್ಳು ಹೇಳ್ಲಿ ಏನು?” ಕೆಂಪವ್ವ ಮರಿಯನ್ನು ಮಡಿಲಿಗೆ ಎಳೆದುಕೊಂಡಳು. “ಓಡು. ಅವರನ್ನ ಕರ್ಕೊಂಡ ಬಾ.”

ಹಂಜಾಬಾಯಿ ಬಂದಾಗ ಕೆಂಪವ್ವ ಮರಿಯನ್ನು ಮಡಿಲಲ್ಲಿ ಬೆಚ್ಚಗೆ ಹಿಡಿದು ಕುಳಿತಿದ್ದಳು. ಅಜಿತನಿಗೆ ಒಂದು ಮಾತನ್ನೂ ಬಿಡದೆ ಹೇಳಿದಳು. “ನಾ ಮಾಡಿದ ತಪ್ಪು ಅನ್ನು. ನಮ್ಮ ದೇವರ ಪ್ರಸಾದ ಹಚ್ಚಿದೆ, ಕುರೀನ ಕೇಳಲಿಲ್ಲ ಅನ್ನು.”

ಗವರಿಯ ಮುಖ ಬಾಡಿತು. ಹಂಜಾಬಾಯಿ ಕೆಂಪವ್ವನ ಮುಂದೆ ಕುಕ್ಕರಿಸಿದಳು. ಮರಿಯ ಹಣೆಯಿಂದ ಒಂದು ಚಿಟಿಕೆ ಹಳದಿ ತೆಗೆದು ಮೂಸಿದಳು. ಕುರಿಯಂತೆಯೇ ಮುಖ ಹಿಂದೆಳೆದುಕೊಂಡಳು. ಆಮೇಲೆ ಬಿಸಿಲಿಗೆ ಕಾದ ಮರಳನ್ನು ಬೊಗಸೆಯಲ್ಲಿ ತಂದು ಮರಿಯ ಮೈ ಉಜ್ಜತೊಡಗಿದಳು. ನೀರು ಅಮೂಲ್ಯವಾದ ನಾಡಿನಲ್ಲಿ ತೊಳೆಯುವುದೂ ಮರಳಿನಿಂದಲೇ. ಕೆಂಪವ್ವನೂ ಕೈಜೋಡಿಸಿದಳು. ಪುಡಿ ಉದುರಿತು, ವಾಸನೆ ಹೋಗಲಿಲ್ಲ.

ಆಗ ಕೆಂಪವ್ವನಿಗೆ ತನ್ನ ಕಸುಬು ನೆನಪಾಯಿತು. ತಬ್ಬಲಿ ಮರಿಯನ್ನು ಬೇರೆ ತಾಯಿಗೆ ಒಗ್ಗಿಸುವ ವಿದ್ಯೆ! ಶೆಟ್ಟೆಪ್ಪ ಕುರಿಯನ್ನು ಹಿಡಿದನು. ಆಕೆ ಗಿಣ್ಣವನ್ನು ಅಂಗೈಗೆ ಕರೆದು ಮರಿಯ ಮೈಗೆಲ್ಲ ಸವರಿದಳು. ಅಷ್ಟರಲ್ಲಿ ಮರಿಯನ್ನು ಹೊದ್ದಿದ್ದ ಮಾಸಿನ ಚೀಲವೂ ಕುರಿಯಿಂದ ಕಳಚಿ ಬಿತ್ತು. ಅದರ ಲೋಳೆಯನ್ನೂ ಬೆನ್ನಿಗೆ ಬಳಿದಳು. ಬುತ್ತಿಯ ಗಂಟಿನಿಂದ ಉಪ್ಪು ತೆಗೆದು ಅದರ ಮೇಲೆ ಉದುರಿಸಿ, ಮರಿಯನ್ನು ತಾಯಿಯ ಮುಂದಿಟ್ಟು, ಎಲ್ಲರನ್ನೂ ಹಿಂದೆ ಸರಿಸಿದಳು.

ಕುರಿ ಬಂತು. ಮೂಸಿತು. ಮುಂಗಾಲೆತ್ತಿತು. ಎತ್ತಿದ ಕಾಲು ಮೆಲ್ಲಗೆ ಇಳಿಯಿತು, ನಾಲಗೆ ಹೊರಬಂತು. ಉಪ್ಪಿನ ಆಸೆಗೆ ಒಮ್ಮೆ ನೆಕ್ಕಿತು, ಇನ್ನೊಮ್ಮೆ ನೆಕ್ಕಿತು, ಆಮೇಲೆ ಉಪ್ಪಿಲ್ಲದ ಕಿವಿಯನ್ನೂ ನೆಕ್ಕಿತು. ಗಂಟಲಿನೊಳಗೆ ಆ ಸಣ್ಣ ಗುರುಗುಟ್ಟುವಿಕೆ ಹುಟ್ಟಿತು. ಕುರಿಗಾರರಿಗೆ ಅದರ ಅರ್ಥ ಯಾರೂ ಹೇಳಬೇಕಿಲ್ಲ. ಮರಿ ಎದ್ದು, ಬಿದ್ದು, ಮತ್ತೆ ಎದ್ದು ಮೊಲೆ ಹಿಡಿಯಿತು. ಪುಟ್ಟ ಬಾಲ ಅಲುಗಿತು.

ಹಂಜಾಬಾಯಿ ಕೆಂಪವ್ವನ ಬೆನ್ನಿಗೊಂದು ಗುದ್ದು ಹಾಕಿ, ನಗುತ್ತ ಏನೋ ಹೇಳಿದಳು.

“ನಿಮ್ಮ ದೇವರು ಬಾಳ ಅವಸರದಾಂವ ಅಂತ, ಕಾಕು,” ಎಂದನು ಅಜಿತ.

“ದೇವರಲ್ಲಪ್ಪಾ. ಅವನ ಕುರುಬತಿ,” ಎಂದಳು ಕೆಂಪವ್ವ.

ಮರಿಯ ಬಾಲದ ತುದಿಯಲ್ಲಿ ಒಂದಿಷ್ಟು ಹಳದಿ ಉಳಿದಿತ್ತು. ಅದನ್ನೂ ಉಜ್ಜಲು ಹೋದಾಗ ಗವರಿ ಕೈ ಅಡ್ಡ ಹಿಡಿದಳು. ಇರಲಿ, ತನ್ನ ಹಿಂಡಿನ ಮೊದಲ ಕುರಿಗೆ ಅದೇ ಗುರುತು ಎಂದಳಂತೆ.

ಈ ವರ್ಷ ಕುಲಗೋಡದಲ್ಲಿ ಮೊದಲ ಕುರಿ ಈದಾಗ ಸೊಸೆ ಭಾಗ್ಯಾ ಪಕ್ಕದಲ್ಲಿದ್ದಳು. ಕೆಂಪವ್ವ ಮುಷ್ಟಿಯಲ್ಲಿ ಭಂಡಾರ ಹಿಡಿದು, ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಸುಮ್ಮನೆ ಕುಳಿತಿದ್ದಳು. ತಾಯಿ ಮರಿಯನ್ನು ನೆಕ್ಕುತ್ತಲೇ ಇತ್ತು.

“ಯಾಕ್ರಿ ಅತ್ತಿ, ಇನ್ನಾ ಹಚ್ಚವಲ್ರಿ?”

‘ಯಾಕ’ ಎಂಬ ಮಾತು ಸೊಸೆಯ ಬಾಯಲ್ಲಿ ಕೇಳಿ ಕೆಂಪವ್ವನ ಮುಖ ಅರಳಿತು.

“ತಡಿಯವ್ವಾ,” ಎಂದಳು. “ತಾಯಿ ಪೂಜಿ ಮುಗೀಲಿ.”